ಬೋರ್ಡ್ ಇಡಲು ಕಾಲೇಜಿನಲ್ಲೇ ಜಾಗ ಕೊಡಿ

ಮಾನ್ಯರೇ,

ಮುಂಬೈಯ ಕಲಾ ಕಾಲೇಜುಗಳಲ್ಲಿ ಮೊದಲ ವರ್ಷದ ಫೌಂಡೇಶನ್ ಕೋರ್ಸ್ ಓದುವ ಮಕ್ಕಳಿಗೆ ಡ್ರಾಯಿಂಗ್ ಬೋರ್ಡ್ ಹೊರುವುದೇ ದೊಡ್ಡ ತಲೆನೋವಾಗಿದೆ. ಡೊಂಬಿವಲಿಯಿಂದ ಹೊರಡುವ ನನ್ನ ಮಗಳ ಹೆಗಲಲ್ಲಿ ಹಾಫ್ ಇಂಪೀರಿಯಲ್ ಅಳತೆಯ ದೊಡ್ಡ ಬೋರ್ಡ್, ಕೈಯಲ್ಲಿ ಬಣ್ಣದ ಡಬ್ಬಿ. ಬೆಳಗಿನ ಲೋಕಲ್ ರೈಲಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಬೋರ್ಡ್ ಯಾರಿಗಾದರೂ ತಗುಲಿದರೆ ಬೈಗುಳ ಬೇರೆ. ಮಳೆಗಾಲದಲ್ಲಂತೂ ನಿದ್ದೆಗೆಟ್ಟು ಮಾಡಿದ ಸ್ಟಿಲ್ ಲೈಫ್ (ಎದುರಿಗಿಟ್ಟ ವಸ್ತುಗಳನ್ನು ನೋಡಿ ಬಿಡಿಸುವ ಚಿತ್ರ) ದಾದರ್ ಬರುವಷ್ಟರಲ್ಲಿ ಒದ್ದೆ. ಪೋಸ್ಟರ್ ಕಲರ್ ನೀರು ತಾಗಿದರೆ ಹರಡುತ್ತದೆ, ಅಲ್ವಾ? ಮಾರ್ಕ್ಸ್ ಹೋಗುವುದು ಮಕ್ಕಳದ್ದೇ. ಉಡುಪಿ ಕಡೆಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಇದೇ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರೆಂದು ನಾವು ಹೆಮ್ಮೆಪಡುತ್ತೇವೆ. ಈಗಿನ ಮಕ್ಕಳ ಪಾಡು ಕೇಳುವವರಿಲ್ಲ. ಕಾಲೇಜುಗಳು ಲಾಕರ್ ಕೊಡಲಿ. ಆಗದಿದ್ದರೆ ಬೋರ್ಡ್ ಒರಗಿಸಿಡಲು ಬೀಗ ಹಾಕುವ ಒಂದು ಕೋಣೆಯನ್ನಾದರೂ ಬಿಟ್ಟುಕೊಡಲಿ.

– ಓರ್ವ ಪೋಷಕ, ಡೊಂಬಿವಲಿ