ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಮಾವನಿಗೆ

ಮಾವ, ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ಅತ್ತೆಯ ಮಂಡಿನೋವು ಈಗ ಹೇಗಿದೆ? ಅಮ್ಮ ಈಗಾಗಲೇ ನಿಮ್ಮ ಹತ್ತಿರ ದೂರು ಹೇಳಿರಬೇಕು. "ಚಳಿಗೆ ಒಳ್ಳೇ ಕೋಟು ತಗೋ ಅಂತ ದುಡ್ಡು ಕಳಿಸಿದ್ರೆ, ತುಕ್ಕು ಹಿಡಿದ ಸೈಕಲ್ ತಂದಿದ್ದಾನೆ" ಅಂತ. ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ತಿಪಟೂರಿನಲ್ಲಿ ಇಷ್ಟು ವರ್ಷ ಸೈಕಲ್ ಶಾಪ್ ನಡೆಸಿದ ನಿಮಗಾದರೂ ನನ್ನ ಹುಚ್ಚು ಅರ್ಥವಾದೀತು ಅಂತ ಬರೆಯುತ್ತಿದ್ದೇನೆ.

ಸೈಕಲ್ಲು ರಾಲೆ ಕಂಪನಿಯದು. ಇದೇ ಊರಿನದು. 1880ರ ದಶಕದಲ್ಲಿ ಇಲ್ಲಿನ ರಾಲೆ ಸ್ಟ್ರೀಟ್‌ನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಶುರುವಾಯಿತು, ಬೀದಿಯ ಹೆಸರೇ ಸೈಕಲ್ಲಿಗೂ ಬಂತು. ಆಮೇಲೆ ಕಟ್ಟಿದ ದೊಡ್ಡ ಕಾರ್ಖಾನೆ ಈಗಿಲ್ಲ. ಆ ಜಾಗದಲ್ಲಿ ಯೂನಿವರ್ಸಿಟಿಯ ಜುಬಿಲಿ ಕ್ಯಾಂಪಸ್ ಇದೆ.

ಕಪ್ಪು ಬಣ್ಣ, ಕಂಬಿ ಬ್ರೇಕು, 28 ಇಂಚಿನ ಚಕ್ರ. ದೂರದಿಂದ ನೋಡಿದರೆ ನಿಮ್ಮ ಅಂಗಡಿ ಮುಂದೆ ನಿಲ್ಲುತ್ತಿದ್ದ ಹಾಲಿನವರ ಸೈಕಲ್ಲೇ. ನಾನು ಮರುಳಾಗಿದ್ದು ಹಿಂದಿನ ಗಾಲಿಯ ಹಬ್ಬಿಗೆ, ಅದೇ ನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಭಾಗಕ್ಕೆ. ಸ್ಟರ್ಮಿ ಆರ್ಚರ್ ಅಂತ, ಮೂರು ಗೇರು, ಮೂರೂ ಹಬ್ಬಿನ ಹೊಟ್ಟೆಯೊಳಗೆ. ಹೊರಗೆ ಚೈನು ಕೂರುವ ಹಲ್ಲುಚಕ್ರ ಒಂದೇ, ಚೈನು ಅತ್ತಿತ್ತ ಜಿಗಿಯುವ ಮಾತೇ ಇಲ್ಲ. ಆ ಕಂಪನಿಯೂ ಇದೇ ಊರಲ್ಲಿ 1902ರಲ್ಲಿ ಹುಟ್ಟಿದ್ದು. ನನ್ನದು ಎಡಬ್ಲ್ಯೂ ಅನ್ನೋ ಮಾದರಿ, ಅದು ಬಂದಿದ್ದು 1936ರಲ್ಲಿ.

ಬಿಚ್ಚದೆ ಇರೋಕಾಗುತ್ತಾ? ಬಿಚ್ಚಿದೆ. ಆಕ್ಸಲ್ ಮೇಲೆ ತಿರುಗದ ಒಂದು ಪುಟ್ಟ ಹಲ್ಲುಚಕ್ರ. ಅದರ ಸುತ್ತ ಓಡಾಡುವ ನಾಲ್ಕು ಮರಿಚಕ್ರಗಳು. ಅವನ್ನೆಲ್ಲ ಒಳಗಿಟ್ಟುಕೊಂಡ ಹಲ್ಲಿನ ಬಳೆಯೊಂದು. ನಿಮ್ಮ ಪೆಡಲಿನ ಬಲ ಬಳೆಗೆ ಹೋಗಿ, ಮರಿಚಕ್ರಗಳನ್ನು ಹಿಡಿದಿರುವ ಪಂಜರದಿಂದ ಹೊರಬಂದರೆ ಏರಿಗೆ ಹಗುರ. ಚೈನಿನ ಚಕ್ರ ನಾಲ್ಕು ಸುತ್ತು ಸುತ್ತಿದರೆ ಗಾಲಿ ಮೂರು ಸುತ್ತು. ಪಂಜರಕ್ಕೆ ಹೋಗಿ ಬಳೆಯಿಂದ ಹೊರಬಂದರೆ ಲೆಕ್ಕ ತಿರುಗಾಮುರುಗಾ, ಮೂರಕ್ಕೆ ನಾಲ್ಕು. ನಡುವಿನ ಗೇರಿನಲ್ಲಿ ಒಂದಕ್ಕೊಂದು. ಇದನ್ನೆಲ್ಲ ಬದಲಾಯಿಸೋದು ಆಕ್ಸಲ್ ಒಳಗಿಂದ ಇಣುಕುವ ಒಂದು ಚೂರು ಸರಪಳಿ! ತಿಂಗಳಿಗೊಮ್ಮೆ ನಾಲ್ಕು ಹನಿ ಎಣ್ಣೆ ಬಿಡೋಕೆ ಹಬ್ಬಿಗೇ ಒಂದು ಮುಚ್ಚಳ ಇಟ್ಟಿದ್ದಾರೆ. ಮೇಲೆ 62 ಅಂತ ಅಚ್ಚು ಒತ್ತಿದೆ, ಅಂದರೆ 1962ರಲ್ಲಿ ಮಾಡಿದ್ದು. ನನಗಿಂತ ಎಷ್ಟು ದೊಡ್ಡದು ನೋಡಿ, ಇನ್ನೂ ಟಿಕ್ ಟಿಕ್ ಅಂತ ಓಡುತ್ತಿದೆ.

ಇಲ್ಲಿನ ಹಳೇ ಸಾಮಾನುಗಳ ಮೇಲೆ ನನಗೆ ಇಷ್ಟು ಮೋಹ ಯಾಕೆ ಅಂದರೆ ಇದೇ. ಸಾಮಾನ್ಯ ಮನುಷ್ಯ ದಿನಾ ಬಳಸೋ ವಸ್ತುವಿಗೆ ಯಾರೋ ಕೂತು ತಲೆ ಕೆಡಿಸಿಕೊಂಡಿದ್ದಾರೆ. ರಸ್ತೆಯ ಬೋರ್ಡುಗಳನ್ನೇ ನೋಡಿ. ಜಾಕ್ ಕಿನ್ನೀರ್, ಮಾರ್ಗರೆಟ್ ಕ್ಯಾಲ್ವರ್ಟ್ ಅನ್ನೋ ಇಬ್ಬರು ಮಾಡಿದ ಬೋರ್ಡುಗಳು 1965ರಿಂದ ಇಡೀ ದೇಶದಲ್ಲಿವೆ. ಹಿಂದೆ ಶಾಲೆಯ ಹತ್ತಿರದ ಬೋರ್ಡಿನಲ್ಲಿ ಟೋಪಿ ಹಾಕಿದ ಹುಡುಗ ಮುಂದೆ, ಹುಡುಗಿ ಹಿಂದೆ. ಕ್ಯಾಲ್ವರ್ಟ್ ಅದನ್ನು ಬದಲಿಸಿ, ಹುಡುಗಿಯೇ ತಮ್ಮನ ಕೈ ಹಿಡಿದು ನಡೆಯುವ ಹಾಗೆ ಬರೆದರು. ಆ ಹುಡುಗಿ ಚಿಕ್ಕವಳಾಗಿದ್ದಾಗಿನ ತಾನೇ ಅಂತ ಅವರೇ ಹೇಳಿದ್ದಾರೆ. ಸೈಕಲ್ ತುಳಿಯುತ್ತಾ ಆ ಬೋರ್ಡು ದಾಟುವಾಗೆಲ್ಲ ನಮ್ಮಕ್ಕ ನನ್ನನ್ನು ದರದರ ಎಳೆದುಕೊಂಡು ಹೋಗುತ್ತಿದ್ದದ್ದು ನೆನಪಾಗುತ್ತದೆ. ಅವಳಿಗೆ ಹೇಳಬೇಡಿ, ಜಂಬ ಜಾಸ್ತಿಯಾಗುತ್ತೆ.

ಎಲ್ಲವೂ ಮೆಚ್ಚೋ ಹಾಗಿದೆ ಅಂತಲ್ಲ. ರಾಲೆಯ ಹಳೇ ಪೋಸ್ಟರ್ ಒಂದಿದೆ. ಆಫ್ರಿಕಾದ ಒಬ್ಬ ಸೈಕಲ್ ತುಳೀತಿದ್ದಾನೆ, ಹಿಂದೆ ಸಿಂಹ ಅಟ್ಟಿಸಿಕೊಂಡು ಬರುತ್ತಿದೆ. ಬಣ್ಣ, ಗೆರೆ ಎಲ್ಲ ಸೊಗಸು. ಆದರೆ ನಮ್ಮಂಥ ದೇಶಗಳವರನ್ನು ಇವರು ಹೇಗೆ ನೋಡುತ್ತಿದ್ದರು ಅನ್ನೋದೂ ಅದರಲ್ಲೇ ಇದೆ, ಅಲ್ವಾ? ನನ್ನ ಗೋಡೆಗೆ ಅದು ಬೇಡ ಅನ್ನಿಸಿತು.

ನಿಮ್ಮ ಹರ್ಕ್ಯುಲಿಸ್ ಸೈಕಲ್ ಕೂಡ ಮೂಲದಲ್ಲಿ ಇಲ್ಲೇ ಹತ್ತಿರದ ಬರ್ಮಿಂಗ್‌ಹ್ಯಾಮ್‌ನದು, ಗೊತ್ತಲ್ಲ. ಅಲ್ಲಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿ ಜೊತೆ ಸೇರಿಯೇ 1949ರಲ್ಲಿ, ನಮ್ಮಲ್ಲಿ ಹರ್ಕ್ಯುಲಿಸ್ ಮಾಡುವ ಮದ್ರಾಸಿನ ಟಿಐ ಸೈಕಲ್ಸ್ ಶುರುವಾಗಿದ್ದು. ಈಗ ಈ ಸ್ಟರ್ಮಿ ಆರ್ಚರ್ ಹಬ್ಬು ತಯಾರಾಗೋದು ತೈವಾನಿನಲ್ಲಿ.

ಇನ್ನು ನನ್ನ ಸ್ವಾರ್ಥ. ಕ್ರ್ಯಾಂಕಿನ ಕಾಟರ್ ಪಿನ್, ಅದೇ ಪೆಡಲಿನ ಕೋಲನ್ನು ಬಿಗಿಹಿಡಿಯುವ ಮೊಳೆ, ಎರಡೂ ಸವೆದಿವೆ. ಇಲ್ಲಿನ ಅಂಗಡಿ ಹುಡುಗರಿಗೆ ಅದೇನು ಅಂತಲೇ ಗೊತ್ತಿಲ್ಲ, ಗೊತ್ತಿದ್ದವರು ಹೇಳುವ ರೇಟು ಕೇಳಿದರೆ ನೀವು ನಗುತ್ತೀರಿ. ಮುಂದಿನ ತಿಂಗಳು ಅಕ್ಕ ಬರುವಾಗ ಅರ್ಧ ಡಜನ್ ಕಳಿಸಿ. ಒಂಬತ್ತೂವರೆ ಮಿಲಿಮೀಟರಿನದು. ಬಡಿದು ಕೂರಿಸೋವಾಗ ಕ್ರ್ಯಾಂಕಿನ ಕೆಳಗೆ ಏನು ಆನಿಸಬೇಕು ಅನ್ನೋದನ್ನೂ ಒಂದು ಸಾಲು ಬರೆದಿಡಿ. ಕೋಟು ತಗೊಂಡೆ ಅಂತ ಅಮ್ಮನಿಗೆ ಹೇಳಿ, ನಿಜವಾಗಿಯೂ ತಗೊಂಡಿದ್ದೇನೆ, ಸೆಕೆಂಡ್ ಹ್ಯಾಂಡ್.

ಎಲ್ಲರಿಗೂ ನಮಸ್ಕಾರ, ಚಿಕ್ಕವರಿಗೆ ಮುದ್ದು.

ನಿಮ್ಮ ಅಳಿಯ