ಸೊಂಟದ ಕೀಲು ತಪ್ಪಿದರೆ: ಗುಂಪಿನ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ರಜೆ ಬಂತೆಂದರೆ ಪುಣೆಯಿಂದ ಖಂಬಾಟ್ಕಿ ಘಾಟ್ ದಾಟಿ ಬೆಳಗಾವಿ, ಹುಬ್ಬಳ್ಳಿಗೆ ಕಾರಿನಲ್ಲಿ ಹೋಗುವವರು ನಮ್ಮಲ್ಲಿ ಬಹಳ ಮಂದಿ, ಅದಕ್ಕೇ ಇದು.

ಅಪಘಾತದಲ್ಲಿ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದರೆ ತೊಡೆಮೂಳೆಯ ತಲೆ ಕೀಲಿನಿಂದ ಹಿಂದಕ್ಕೆ ಜಾರಬಹುದು. ಆ ಕಾಲು ಗಿಡ್ಡವಾಗಿ, ಮಡಚಿ, ಒಳಕ್ಕೆ ತಿರುಗಿರುತ್ತದೆ, ಅಲುಗಾಡಿಸಲಾಗದ ನೋವು. ದಯವಿಟ್ಟು ಎಳೆದು ಕೂರಿಸಲು ಹೋಗಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಊರಿನ ನಾಟಿ ವೈದ್ಯರ ತನಕ ಕಾಯುವುದಂತೂ ಬೇಡವೇ ಬೇಡ! ಕಾಲು ಇದ್ದ ಹಾಗೇ ದಿಂಬಿನ ಆಸರೆ ಕೊಟ್ಟು 108ಕ್ಕೆ ಕರೆ ಮಾಡಿ. ಸುಮಾರು 6 ಗಂಟೆಯೊಳಗೆ ಕೀಲು ಕೂರಿಸದಿದ್ದರೆ ರಕ್ತ ಸಿಗದೆ ಮೂಳೆಯ ತಲೆ ಸಾಯುವ ಅಪಾಯ ಹೆಚ್ಚುತ್ತದೆ. ಕೀಲು ಕೂರಿಸಲು ಅರಿವಳಿಕೆ ಬೇಕಾಗಬಹುದು, ಅದಕ್ಕೇ ನೀರು, ಚಹಾ ಕೊಡಬೇಡಿ. ಪಾದ ಮೇಲೆತ್ತಲು ಆಗದಿದ್ದರೆ ವೈದ್ಯರಿಗೆ ಹೇಳಿ, ನರಕ್ಕೆ ಪೆಟ್ಟಾಗಿರಬಹುದು.

ಶಸ್ತ್ರಚಿಕಿತ್ಸೆಯಲ್ಲಿ ಬದಲಿಸಿದ ಕೀಲೂ ಹೀಗೆ ಜಾರಬಹುದು, ಹಾಗಾಗಿ ಸೊಂಟದ ಕೀಲು ಬದಲಿಸಿಕೊಂಡ ಹಿರಿಯರು ವೈದ್ಯರು ಸರಿ ಅನ್ನುವವರೆಗೆ ತಗ್ಗಾದ ಮಣೆ, ಸೋಫಾದ ಮೇಲೆ ಕೂರಬೇಡಿ.