ಟಾರ್ಕ್ ಕನ್ವರ್ಟರ್ ಇರುವ ಕಾರ್ಟ್‌ನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಗೋ-ಕಾರ್ಟ್ ಪ್ರಾಕ್ಟೀಸ್ ಇದೆ. ಟಾರ್ಕ್ ಕನ್ವರ್ಟರ್ (ಎರಡು ಪುಲ್ಲಿ, ಒಂದು ಬೆಲ್ಟ್ ಮೂಲಕ ತಾನಾಗಿ ಗೇರ್ ಬದಲಿಸುವ ವ್ಯವಸ್ಥೆ) ಇರುವವರು ಶನಿವಾರ ಸಂಜೆಯೊಳಗೆ ಅದನ್ನು ಬಿಚ್ಚಿ ಕ್ಲೀನ್ ಮಾಡಿಕೊಳ್ಳಿ. ಅದರ ಬದಲು ಸೆಂಟ್ರಿಫ್ಯೂಗಲ್ ಕ್ಲಚ್ (ಇಂಜಿನ್ ವೇಗ ಏರಿದಾಗ ತಾನೇ ಹಿಡಿಯುವ ಕ್ಲಚ್) ಇರುವವರಿಗೆ ಇದು ಬೇಕಿಲ್ಲ.

ಇಂಜಿನ್ ತಣ್ಣಗಾದ ಮೇಲೆ ಮೊದಲು ಸ್ಪಾರ್ಕ್ ಪ್ಲಗ್ ಕ್ಯಾಪ್ ತೆಗೆಯಿರಿ. ಅವಸರದಲ್ಲಿ ಇದನ್ನು ಬಿಡಲೇಬೇಡಿ, ಇಂಜಿನ್ ಅಕಸ್ಮಾತ್ ಸ್ಟಾರ್ಟ್ ಆದರೆ ಬೆರಳಿನ ಪ್ರಶ್ನೆ. ಆಮೇಲೆ ಕವರ್, ಬೆಲ್ಟ್ ತೆಗೆದು ಎರಡೂ ಪುಲ್ಲಿಗಳ ಒಳಮೈಯನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಬಟ್ಟೆಗೆ ಕಪ್ಪು ರಬ್ಬರ್ ಪುಡಿ ಹತ್ತುವುದು ನಿಲ್ಲುವವರೆಗೂ ಒರೆಸಬೇಕು.

ಗ್ರೀಸ್, ಎಣ್ಣೆ ಹಚ್ಚಬೇಡಿ. ಧೂಳು ಮೆತ್ತಿಕೊಂಡು ಪುಲ್ಲಿ ಸರಿಯದೆ ಹಿಡಿದುಕೊಳ್ಳುತ್ತದೆ. ಬೆಲ್ಟ್‌ಗೆ ತಾಗಿದರಂತೂ ಅದು ಜಾರಿ ಜಾರಿ ಸುಟ್ಟೇ ಹೋಗುತ್ತದೆ. ಇಂಜಿನ್ ಕಡೆಯ ಪುಲ್ಲಿ ಹಿಂದೆ ಮುಂದೆ ಸರಿಯುವ ಬುಷ್ ಜಾಗಕ್ಕೆ ಮಾತ್ರ ಗ್ರಾಫೈಟ್ ಅಥವಾ ಮಾಲಿಬ್ಡಿನಮ್ ಡ್ರೈ ಲ್ಯೂಬ್ (ಜಿಡ್ಡು ಉಳಿಯದ, ಒಣಗುವ ಲೂಬ್ರಿಕೆಂಟ್) ತೆಳ್ಳಗೆ ಹಾಕಿ, ಪೂರ್ತಿ ಒಣಗಲಿ. ಚೈನ್‌ಗೆ ಸ್ಪ್ರೇ ಹೊಡೆಯುವಾಗ ಬೆಲ್ಟ್ ಮೇಲೆ ಹಾರದಂತೆ ಬಟ್ಟೆ ಮುಚ್ಚಿ.

ಬೆಲ್ಟಿನ ಪಕ್ಕಗಳು ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. 30 ಸೀರೀಸ್ ಟಾರ್ಕ್ ಕನ್ವರ್ಟರ್‌ನ ಬೆಲ್ಟಿಗೆ ಒಂದು ಬದಿ ನೇರ, ಇನ್ನೊಂದು ಓರೆ; ನೇರ ಬದಿ ಇಂಜಿನ್ ಕಡೆಗೇ ಇರಬೇಕು, ತುಂಬ ಜನ ಇಲ್ಲೇ ತಪ್ಪುತ್ತಾರೆ.

ಕೆಲಸ ಮುಗಿದವರು 'ಆಯ್ತು' ಅಂತ ಹಾಕಿ. ಬೆಲ್ಟ್ ಬಗ್ಗೆ ಅನುಮಾನ ಇದ್ದರೆ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ.